ಎರಡು ಫರ್ಲಾಂಗಿನ ಕಾರು

ಅಳಗರ್ ತನ್ನ ಕಾರನ್ನು ದಿಂಡಿಗಲ್ಲಿಗೆ ತಂದದ್ದು ದ್ರಾಕ್ಷಿ ಲಾರಿಯಲ್ಲಿ. ಹನುಮಂತನಪಟ್ಟಿಯಿಂದ ನಸುಕಿನಲ್ಲೇ ಹೊರಟ ಲಾರಿ ಬುಟ್ಟಿಗಳನ್ನೆಲ್ಲ ಮಾರುಕಟ್ಟೆಯಲ್ಲಿ ಇಳಿಸಿ, ಕಾರನ್ನು ಮಾತ್ರ ಹೊತ್ತುಕೊಂಡು ರಾಮರ್‌ನ ಅಂಗಡಿಯ ಮುಂದೆ ಬಂದು ನಿಂತಾಗ ಒಂಬತ್ತು ಗಂಟೆ. ಎರಡು ಹಲಗೆ ಇಟ್ಟು, ಆರು ಜನ ಹಿಡಿದು, ಅದನ್ನು ಕೆಳಗಿಳಿಸಿದರು. ಹಿಟ್ಲರನ ಯುದ್ಧಕ್ಕೂ ಮುಂಚಿನ ಬೇಬಿ ಆಸ್ಟಿನ್. ಅಳಗರ್ ಭಾರಿ ಆಳು. ಅವನು ಪಕ್ಕದಲ್ಲಿ ನಿಂತರೆ ಕಾರು ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿತ್ತು.

ಅಂಗಡಿಯ ಒಳಕೋಣೆಯಲ್ಲಿ ನೆಲದ ಮೇಲೆ ಕೂತು ಸುಟ್ಟ ಮೋಟಾರೊಂದರಿಂದ ತಂತಿ ಕೀಳುತ್ತಿದ್ದ ವೆಳ್ಳೈಯಮ್ಮಾಳ್ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವನ ಹಿಂದೆ ಬೀದಿಯಲ್ಲಿ ನಿಂತ ಕಾರನ್ನೂ ನೋಡಿದಳು. ಮತ್ತೆ ತಂತಿ ಕೀಳತೊಡಗಿದಳು. ಅದು ವೈಕಾಸಿ ತಿಂಗಳು, ಬೇಸಿಗೆಯ ತುದಿ. ಬಾವಿಗಳ ನೀರು ತಳ ಕಂಡು, ಕರೆಂಟಿನ ಬಲ ಇಳಿದು, ಕಂಬಂ ಕಣಿವೆಯ ಪಂಪ್‌ಸೆಟ್ಟುಗಳು ದಿನಕ್ಕೆರಡರಂತೆ ಸುಟ್ಟು ಬರುವ ಕಾಲ. ಗೋಡೆಯ ಪಕ್ಕದಲ್ಲಿ ಹನ್ನೊಂದು ಮೋಟಾರುಗಳು ಸಾಲಾಗಿ ಕಾಯುತ್ತಿದ್ದವು. ಅವಳ ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಅವಳ ಗಂಡ ರಾಮರ್ ಹದಿನೇಳು ವರ್ಷ ದಿಂಡಿಗಲ್ಲಿನ ಒಂದು ಟಾಕೀಸಿನಲ್ಲಿ ಸಿನಿಮಾ ಯಂತ್ರ ಓಡಿಸಿದವನು. ಹಳ್ಳಿಗಳಿಗೆ ಕರೆಂಟು ಬಂದು, ಕಪಿಲೆ ಹೋಗಿ ಪಂಪ್‌ಸೆಟ್ಟು ಬಂದ ಮೇಲೆ ಆ ಕೆಲಸ ಬಿಟ್ಟು ಮೋಟಾರಿಗೆ ತಂತಿ ಸುತ್ತುವ ಅಂಗಡಿ ತೆರೆದಿದ್ದ. ಅವನಷ್ಟು ಮೋಟಾರು ಬಲ್ಲವರು ಸುತ್ತಮುತ್ತ ಇಲ್ಲವೆಂಬ ಹೆಸರಿತ್ತು. ಆದರೆ ನಾಲ್ಕು ವರ್ಷದಿಂದ ಅವನ ಕಣ್ಣಿನ ನಡುಮಧ್ಯೆ ಹೊಗೆ ಕವಿದಂತಾಗಿತ್ತು. ಎದುರಿಗೆ ನಿಂತವರ ಮುಖ ಕಾಣದು, ಭುಜ ಕಾಣುತ್ತದೆ. ಬೀದಿಯ ಅಂಚು ಕಾಣುತ್ತದೆ, ಕೈಯಲ್ಲಿರುವ ತಂತಿ ಕಾಣದು. ಗಿರಾಕಿಗಳ ಮುಂದೆ ಅವನು ಮೋಟಾರಿನ ಅಚ್ಚನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು, ಮೂಸಿ ನೋಡಿ, ಎಲ್ಲಿ ಸುಟ್ಟಿದೆ ಎಂದು ಹೇಳುತ್ತಿದ್ದ. ಅದು ಎಂದೂ ತಪ್ಪುತ್ತಿರಲಿಲ್ಲ. ಆಮೇಲೆ ಮೋಟಾರು ಒಳಕೋಣೆಗೆ ಹೋಗುತ್ತಿತ್ತು. ಹಳೆ ತಂತಿ ಬಿಚ್ಚುವುದು, ಸುತ್ತು ಎಣಿಸುವುದು, ಹೊಸದು ಸುತ್ತುವುದು, ವಾರ್ನಿಷ್ ಬಳಿಯುವುದು, ಎಲ್ಲ ವೆಳ್ಳೈಯಮ್ಮಾಳ್. ಹೆಂಡತಿ ಸ್ವಲ್ಪ ಕೈಜೋಡಿಸುತ್ತಾಳೆ ಎಂದು ಊರು ತಿಳಿದಿತ್ತು. ಅದಕ್ಕಿಂತ ಹೆಚ್ಚು ತಿಳಿಯಬಾರದೆಂದು ಇಬ್ಬರೂ ಎಚ್ಚರದಿಂದಿದ್ದರು. ಕುರುಡನ ಕೈಗೆ ಯಾರು ಮೋಟಾರು ಕೊಡುತ್ತಾರೆ?

ಅಳಗರ್‌ನ ಕಥೆ ಸಣ್ಣದು. ರೇಡಿಯೇಟರಿಗೆ ನೀರು ಹಾಕುವುದನ್ನು ಮರೆತು ತೇನಿಯವರೆಗೆ ಕಾರು ಓಡಿಸಿದ್ದ. ಎಂಜಿನ್ನು ಕಾದು ಸೀಳಿತ್ತು. ಅದಕ್ಕೆ ಬದಲಿ ಎಂಜಿನ್ನು ಮದರಾಸಿನಲ್ಲೂ ಸಿಗಲಿಲ್ಲ. ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ, ಹೊರದೇಶದ ಬಿಡಿಭಾಗಗಳು ಬರುವುದೇ ನಿಂತಿತ್ತು. ಆರು ತಿಂಗಳಿಂದ ಕಾರು ದನದ ಕೊಟ್ಟಿಗೆಯಲ್ಲಿತ್ತು. ಮನೆಯ ಹೆಂಗಸರು ಅದರ ಮೇಲೆ ಭತ್ತ ಬೇಯಿಸಿದ ಗೋಣಿಗಳನ್ನು ಒಣಹಾಕುತ್ತಿದ್ದರು. ಅವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಮಾಪ್ಳೆ, ನಿನ್ ಕರೆಂಟು ಕೇಣಿಬಾವಿ ನೀರ್ನ ಮೇಲುಕ್ಕೆ ತಳ್ತದೆ. ಈ ವಂಡಿನ ಮುಂದುಕ್ಕೆ ತಳ್ಳಾದಿಲ್ವಾ?" ಎಂದು ಅಳಗರ್ ತಮಿಳು ಬೆರೆತ ತಮ್ಮ ಮನೆಗನ್ನಡದಲ್ಲಿ ತಂಗಿಯ ಗಂಡನನ್ನು ಕೇಳಿದ.

ರಾಮರ್ ನಗಲಿಲ್ಲ. ಕಾರಿನ ಸುತ್ತ ಕೈಯಾಡಿಸಿಕೊಂಡು ಒಂದು ಸುತ್ತು ಬಂದ. ಬಾನೆಟ್ ಎತ್ತಿಸಿ ಎಂಜಿನ್ನಿನ ಜಾಗವನ್ನು ಗೇಣಿನಿಂದ ಅಳೆದ. ಗೋಡೆಗಂಟಿ ಕಾಯುತ್ತಿದ್ದ ಹನ್ನೊಂದು ಮೋಟಾರುಗಳ ನಡುವೆ, ಬಹಳ ದಿನದ ಮೇಲೆ ಅವನ ಮುಖದಲ್ಲಿ ಏನೋ ಆಸೆ ಕಂಡದ್ದನ್ನು ವೆಳ್ಳೈಯಮ್ಮಾಳ್ ನೋಡಿದಳು. ಅವಳಿಗೆ ಸಂತೋಷವಾಗಲಿಲ್ಲ. ಅವನ ಆಸೆ ಕೊನೆಗೆ ತನ್ನ ಹೆಬ್ಬೆರಳಿಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಊಟಕ್ಕೆ ಬಡಿಸುವಾಗ ಅಣ್ಣನಿಗೆ, ಆಡಿ ತಿಂಗಳು ಹುಟ್ಟುವ ತನಕ ಈ ಕಾರನ್ನು ಯಾರೂ ಮುಟ್ಟಬಾರದು ಎಂದಷ್ಟೇ ಹೇಳಿದಳು. ಆಡಿಯಲ್ಲಿ ಪೆರಿಯಾರ್ ಅಣೆಯ ನೀರು ಕಾಲುವೆಗೆ ಬಂದು ಪಂಪ್‌ಸೆಟ್ಟುಗಳು ವಿಶ್ರಾಂತಿಗೆ ಹೋಗುತ್ತವೆ. ಅವಳ ಕೈಗಳೂ ವಿಶ್ರಾಂತಿ ಪಡೆಯುವ ತಿಂಗಳು ಅದೊಂದೇ.

ಆ ತಿಂಗಳು ಕಾರಿನ ಪಾಲಾಯಿತು.

ಪಂಪ್‌ಸೆಟ್ಟಿನ ಮೋಟಾರು ಬ್ಯಾಟರಿಯಿಂದ ತಿರುಗುವಂಥದ್ದಲ್ಲ. ರಾಮರ್‌ಗೆ ತಾನು ದುಡಿದ ಟಾಕೀಸು ನೆನಪಾಯಿತು. ಅಲ್ಲಿ ಸಿನಿಮಾ ದೀಪಕ್ಕೆ ಕರೆಂಟು ಕೊಡುತ್ತಿದ್ದ ದೊಡ್ಡ ಡೈನಮೊ ಒಂದು ಹೊಸ ಯಂತ್ರ ಬಂದ ಮೇಲೆ ಮೆಟ್ಟಿಲ ಕೆಳಗೆ ಬಿದ್ದಿತ್ತು. ಅದನ್ನು ತಿರುಗಿಸಿದರೆ ಕರೆಂಟು ಬರುತ್ತದೆ. ಅದಕ್ಕೇ ಕರೆಂಟು ಕೊಟ್ಟರೆ ತಾನಾಗಿ ತಿರುಗುತ್ತದೆ. ಟಾಕೀಸಿನ ಮಾಲೀಕ ಹಳೆಯ ವಿಶ್ವಾಸಕ್ಕೆ ಅದನ್ನು ಕೊಟ್ಟುಬಿಟ್ಟ. ಆದರೆ ಅದರ ಹೊರಸುತ್ತು ದಾರದಂಥ ತೆಳು ತಂತಿಯದು. ಕಾರನ್ನು ನಿಂತಲ್ಲಿಂದ ಎಳೆಯಬೇಕಾದರೆ ಅದನ್ನೆಲ್ಲ ಬಿಚ್ಚಿ, ಕಿರುಬೆರಳಿನಷ್ಟು ಅಗಲದ ತಾಮ್ರದ ಪಟ್ಟಿಯನ್ನು ಸುತ್ತಬೇಕೆಂದು ರಾಮರ್ ಲೆಕ್ಕ ಹಾಕಿದ. ಬಾಯಲ್ಲಿ ಹೇಳಲು ಸುಲಭ. ತಾಮ್ರದ ಪಟ್ಟಿ ಬಾಗುವುದಿಲ್ಲ, ಬಾಗಿದರೆ ನಿಲ್ಲುವುದಿಲ್ಲ. ವೆಳ್ಳೈಯಮ್ಮಾಳ್ ಅದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಮೊಣಕಾಲು ಊರಿ ಸುತ್ತಿದಳು. ಒಂಬತ್ತು ದಿನ ಹಿಡಿಯಿತು. ರಾಮರ್ ಪಕ್ಕದಲ್ಲಿ ಕೂತು ಒಂದೊಂದು ಸುತ್ತನ್ನೂ ಬೆರಳಿನಿಂದ ಸವರಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಹೇಳುತ್ತಿದ್ದ. ಕೆಲವೊಮ್ಮೆ ಅವಳಿಗೆ ಅವನ ಬೆರಳಿನ ಮೇಲೆಯೇ ಸುತ್ತಿಗೆ ಇಡಬೇಕೆನಿಸುತ್ತಿತ್ತು.

ಮೋಟಾರನ್ನು ಕಾರಿನ ಗೇರ್‌ಪೆಟ್ಟಿಗೆಗೆ ಕೂಡಿಸುವ ತುಂಡನ್ನು ಬೀಗ ಮಾಡುವ ಆಸಾರಿಯೊಬ್ಬ ಮಾಡಿಕೊಟ್ಟ. ಕರೆಂಟು ಕೊಡುವ ಹಿಡಿಯೂ ಅವನದೇ ಕೆಲಸ. ಹಿಡಿ ಕೂರುವ ಕಚ್ಚಿಗೆ ಗಾಟಿ ಎನ್ನುತ್ತಾರೆ; ಒಂದು ಗಾಟಿಗೆ ತಳ್ಳಿದರೆ ಬ್ಯಾಟರಿಗಳ ಅರ್ಧ ಬಲ, ಎರಡನೇ ಗಾಟಿಗೆ ಪೂರ್ತಿ ಬಲ. ಬೀಗದ ಕೈಯಂತೆಯೇ ಕಟ್ ಎಂದು ಕೂರುತ್ತಿತ್ತು.

ಆಡಿಯ ಕೊನೆಯ ವಾರ, ಆರು ಹಳೆ ಲಾರಿ ಬ್ಯಾಟರಿ ಇಟ್ಟು ಅಳಗರ್ ಬತ್ತಲಗುಂಡು ರಸ್ತೆಯಲ್ಲಿ ಕಾರು ಓಡಿಸಿದ. ರಾಮರ್ ಪಕ್ಕದಲ್ಲಿ ಕೂತಿದ್ದ. ಹೊರಟಾಗ ಕಾರು ಬೆದರಿದ ಹೋರಿಯಂತೆ ಮುಂದಕ್ಕೆ ಚಿಮ್ಮಿ, ಅಳಗರ್‌ನ ತಲೆಯ ಟವೆಲು ಹಿಂದಕ್ಕೆ ಹಾರಿಹೋಯಿತು. ಏಳನೇ ಮೈಲಿಗಲ್ಲಿನ ಹತ್ತಿರ ಕಾರು ಮೆಲ್ಲಗಾಯಿತು, ಆಮೇಲೆ ನಿಂತಿತು. ಹುಲ್ಲು ಹೇರಿ ಬರುತ್ತಿದ್ದ ಗಾಡಿಯವನ ಎತ್ತುಗಳನ್ನು ಕಟ್ಟಿ ಅದನ್ನು ಮಧ್ಯಾಹ್ನದ ಬಿಸಿಲಲ್ಲಿ ದಿಂಡಿಗಲ್ಲಿಗೆ ಎಳೆಸಿಕೊಂಡು ಬಂದರು.

ಅಳಗರ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಹನುಮಂತನಪಟ್ಟಿಯಿಂದ ತೇನಿಗೆ ಹೋಗಿ ಬರಲಾಗದ ಕಾರು ಇದ್ದೇನು, ಬಿಟ್ಟೇನು ಎಂಬುದು ಅವನ ಚಿಂತೆ. ರಾಮರ್‌ನ ಚಿಂತೆ ಬೇರೆ. ದೂರ ಹೋಗಲಾರದು, ನಿಜ. ಆದರೆ ನಿಂತಲ್ಲಿಂದ ಹೊರಡುವಾಗ ಇಂಥ ಎಳೆತ ಯಾವ ಪೆಟ್ರೋಲ್ ಕಾರಿಗೂ ಇಲ್ಲ ಎಂದು ಅವನು ಮತ್ತೆ ಮತ್ತೆ ಹೇಳಿದ. ಪಳನಿ ದಾರಿಯಲ್ಲಿ ಒಂದು ಕಡೆ, ಹಿಟ್ಲರನ ಯುದ್ಧಕಾಲದಲ್ಲಿ ವಿಮಾನ ಇಳಿಯಲೆಂದು ಹಾಕಿ ಬಿಟ್ಟ ಸಿಮೆಂಟ್ ಹಾಸು ಇತ್ತು. ಆಡಿ ಕಳೆದು ಬರುವ ಆವಣಿ ತಿಂಗಳ ಒಂದು ಭಾನುವಾರ ಅಲ್ಲಿ ಮೋಟಾರು ಸಂಘದವರು ಕಾರುಗಳ ಓಟ ಇಟ್ಟಿದ್ದಾರೆಂದು ಲಾರಿ ಡ್ರೈವರುಗಳು ಹೇಳಿದ್ದರು. ಎರಡೆರಡು ಕಾರು ಜೋಡಿಯಾಗಿ ನಿಂತಲ್ಲಿಂದ ಹೊರಟು ಎರಡು ಫರ್ಲಾಂಗು ಓಡಬೇಕು. ಅಷ್ಟೇ ಓಟ.

"ಎಲ್ಡು ಫರ್ಲಾಂಗು, ಮಚ್ಚಾನ್," ಎಂದ ರಾಮರ್. "ಅಷ್ಟು ದೂರ ನಾ ಕಟ್ಟಿದ್ ವಂಡಿ ಓಡ್ತದೆ."

'ನಾ ಕಟ್ಟಿದ್' ಎಂಬ ಮಾತು ಒಳಗೆ ಪಾತ್ರೆ ತೊಳೆಯುತ್ತಿದ್ದ ವೆಳ್ಳೈಯಮ್ಮಾಳಿಗೂ ಕೇಳಿಸಿತು. ಗಿರಾಕಿಗಳ ಮುಂದೆ ಆಡಿ ಆಡಿ ಅದು ಅವನ ನಾಲಿಗೆಗೆ ಅಂಟಿಹೋಗಿತ್ತು. ಅವಳು ಪಾತ್ರೆ ತೊಳೆದು ಕವುಚಿ ಹಾಕಿ, ಸೊಂಟ ನೀವಿಕೊಂಡು ಮಲಗಿದಳು.

ಹತ್ತು ಬ್ಯಾಟರಿ ಬೇಕೆಂದು ರಾಮರ್ ಹೇಳಿದ. ಹತ್ತು ಬ್ಯಾಟರಿಯ ಬಲವನ್ನು ಆ ಮೋಟಾರು ಬಹಳ ಹೊತ್ತು ತಾಳದು, ಆದರೆ ಅರ್ಧ ನಿಮಿಷ ತಾಳೀತು. ಬಸ್ ಸ್ಟ್ಯಾಂಡಿನ ಬಳಿಯ ಬ್ಯಾಟರಿ ಅಂಗಡಿಯವನು ಭಾನುವಾರ ಒಂದು ದಿನಕ್ಕೆ ಕೊಡಲು ಒಪ್ಪಿದ. ಅವುಗಳನ್ನು ಇಟ್ಟು ನೋಡಿದರೆ ಕಾರಿನ ಹಿಂಭಾಗ ಹೆರಿಗೆಗೆ ಬಂದ ಹಸುವಿನಂತೆ ಕುಸಿಯಿತು. ಹಿಂದಿನ ಸೀಟು ತೆಗೆದರು. ಬಾಗಿಲು, ಮಡ್‌ಗಾರ್ಡು, ದೀಪ, ಮೇಲಿನ ಟಾಪು, ಎಲ್ಲ ಬಿಚ್ಚಿದರು. ಅಳಗರ್ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಇನ್ನು ಬಿಚ್ಚಲು ಏನೂ ಉಳಿಯದಿದ್ದಾಗ ಭಾರವಾಗಿ ಉಳಿದವನು ಅಳಗರ್ ಒಬ್ಬನೇ. ಅದು ಮೂವರಿಗೂ ಒಟ್ಟಿಗೇ ಹೊಳೆಯಿತು. ರಾಮರ್‌ಗೆ ದಾರಿ ಕಾಣದು. ಬೇರೆ ಯಾರನ್ನಾದರೂ ಕೂರಿಸೋಣವೆಂದರೆ, ಎರಡನೇ ಗಾಟಿಗೆ ಯಾವಾಗ ತಳ್ಳಬೇಕು, ಸುಡುವ ವಾಸನೆ ಬಂದರೆ ಹಿಡಿಯನ್ನು ಯಾವಾಗ ಹಿಂದಕ್ಕೆ ಎಳೆಯಬೇಕು ಎಂಬುದು ಅವರಿಗೆ ತಿಳಿಯದು.

"ತಂಗೆ, ನೀ ಎಷ್ಟು ತೂಗ್ತೀಯಾ?" ಎಂದು ಅಳಗರ್ ಕೇಳಿದ.

ವೆಳ್ಳೈಯಮ್ಮಾಳ್ ಅವನ ಮುಖ ನೋಡಿದಳು. ಅವಳಿಗೆ ನಲವತ್ತಾರು. ಸೈಕಲ್ಲನ್ನೂ ತುಳಿದವಳಲ್ಲ. ಬೇಡವೆಂದು ಹೇಳಿ ವಾದ ಮಾಡುವುದಕ್ಕಿಂತ ಎರಡು ಫರ್ಲಾಂಗು ಓಡಿಸಿ ಇದನ್ನು ಮುಗಿಸುವುದೇ ಕಡಿಮೆ ದಣಿವು ಎಂದು ಅವಳಿಗೆ ತೋರಿತು. ಕ್ಲಚ್ಚಿಲ್ಲ, ಗೇರು ಬದಲಿಸುವುದಿಲ್ಲ. ಒಂದು ಹಿಡಿ, ಒಂದು ಬ್ರೇಕು, ಒಂದು ಚಕ್ರ. ಬತ್ತಿದ ಕೆರೆಯಂಗಳದಲ್ಲಿ ನಾಲ್ಕು ಸಂಜೆ ಕಲಿತಳು. ಮೊದಲ ಸಂಜೆ ಬೇಲಿಗೆ ನುಗ್ಗಿಸಿದಳು. ನಾಲ್ಕನೆಯ ಸಂಜೆ ಹಗ್ಗ ಹಿಡಿದಂತೆ ನೇರ ಓಡಿಸಿದಳು. ಅಳಗರ್ ಮೆಚ್ಚಿ ಮಾತಾಡಿದ. ಅವಳು ಮೈಮೇಲಿನ ಧೂಳು ಕೊಡವಿಕೊಂಡು, ಮನೆಯಲ್ಲಿ ಅಕ್ಕಿ ನೆನೆ ಹಾಕಿಲ್ಲ ಎಂದಳು.

ಭಾನುವಾರ ಬೆಳಿಗ್ಗೆ ಸಿಮೆಂಟ್ ಹಾಸಿನ ಎರಡೂ ಕಡೆ ಜನ ಸೇರಿದ್ದರು. ಪಳನಿ, ದಿಂಡಿಗಲ್, ಕಣಿವೆಯ ಊರುಗಳಿಂದ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಬಂದವರು. ಅವರಲ್ಲಿ ಎಷ್ಟೋ ಮಂದಿ ರಾಮರ್‌ನ ಗಿರಾಕಿಗಳೇ. ಸಂಘದ ಕಾರ್ಯದರ್ಶಿ ಬಿಳಿ ಟೊಪ್ಪಿ ಹಾಕಿದ ಸಭ್ಯ ಮನುಷ್ಯ. ಕಾರನ್ನು ನೋಡಿ ಬಹಳ ಯೋಚಿಸಿದ. ಓಟದ ವರ್ಗಗಳೆಲ್ಲ ಎಂಜಿನ್ನಿನ ಅಳತೆಯ ಮೇಲೆ. ಎಂಜಿನ್ನೇ ಇಲ್ಲದ ಕಾರನ್ನು ಯಾವ ವರ್ಗಕ್ಕೆ ಸೇರಿಸುವುದು ಎಂದು ಕೇಳಿದ. ಓಡಿಸುವವಳು ಹೆಂಗಸು ಎಂದು ತಿಳಿದ ಮೇಲೆ ಇನ್ನಷ್ಟು ಯೋಚಿಸಿದ. ಅಳಗರ್ ಅವನನ್ನು ಅರ್ಧ ಗಂಟೆ ಬಿಡಲಿಲ್ಲ. ಕೊನೆಗೆ, ಬಹುಮಾನಕ್ಕಿಲ್ಲ, ತೋರಿಕೆಗೆ ಮಾತ್ರ ಎಂಬ ಷರತ್ತಿನ ಮೇಲೆ ಎರಡು ಓಟಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲ ಓಟದಲ್ಲಿ ಅವಳ ಜೋಡಿ ಪಳನಿಯ ಅಕ್ಕಿ ಗಿರಣಿಯವರ ಮಗ ಲಕ್ಷ್ಮಣನ್; ಅವನದು ಹೊಸ ಫಿಯಟ್.

ವೆಳ್ಳೈಯಮ್ಮಾಳ್ ಸೆರಗನ್ನು ಬಿಗಿದು ಕಟ್ಟಿ ಕೂತಳು. ಪಕ್ಕದಲ್ಲಿ ಫಿಯಟ್ಟು ಗುರುಗುಟ್ಟುತ್ತಿತ್ತು. ಅವಳ ಕಾರಿನಿಂದ ಒಂದು ಸದ್ದೂ ಇಲ್ಲ. ಜನ ಅದು ಕೆಟ್ಟು ನಿಂತಿದೆ ಎಂದುಕೊಂಡು ನಗುತ್ತಿದ್ದರು. ಬಾವುಟ ಇಳಿಯಿತು. ಅವಳು ಹಿಡಿಯನ್ನು ಮೊದಲ ಗಾಟಿಗೆ ತಳ್ಳಿ, ರಾಮರ್ ಹೇಳಿದಂತೆ ಮೂರು ಎಣಿಸಿ, ಎರಡನೆಯದಕ್ಕೆ ತಳ್ಳಿದಳು. ಕುತ್ತಿಗೆ ಹಿಂದಕ್ಕೆ ಬಡಿಯಿತು. ಸಿಮೆಂಟಿನ ಬಿರುಕುಗಳು ಚಕ್ರದ ಕೆಳಗೆ ಟಪಟಪನೆ ಹಾಯ್ದವು. ಗಾಳಿಗೆ ಕಣ್ಣಲ್ಲಿ ನೀರು ತುಂಬಿತು. ಫಿಯಟ್ಟಿನ ಸದ್ದು ಹಿಂದೆಲ್ಲೋ ಇತ್ತು, ಆಮೇಲೆ ಹತ್ತಿರ ಬಂತು, ಕಿವಿಯ ಪಕ್ಕಕ್ಕೇ ಬಂತು. ಅಷ್ಟರಲ್ಲಿ ಸುಣ್ಣದ ಗೆರೆ ದಾಟಿಹೋಗಿತ್ತು. ಅವಳು ಎತ್ತಿನ ಗಾಡಿಯೊಂದರ ಉದ್ದದಷ್ಟು ಮುಂದಿದ್ದಳು.

ಜನ ಓಡಿ ಬಂದು ಕಾರನ್ನು ಮುತ್ತಿದರು. ಲಕ್ಷ್ಮಣನ್ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಇದನ್ನು ಕಟ್ಟಿದವರು ಯಾರೆಂದು ಕೇಳಿದ. ಅಳಗರ್ ರಾಮರ್‌ನ ಕೈ ಹಿಡಿದು ಮುಂದೆ ತಂದ. ಕಾರ್ಯದರ್ಶಿ ಮೈಕಿನಲ್ಲಿ ಹೆಸರು ಹೇಳುತ್ತೇನೆಂದು ವಿವರ ಕೇಳಿದ.

ರಾಮರ್ ಅವನ ದನಿಯತ್ತ ಒಂದು ಹೆಜ್ಜೆ ಇಟ್ಟ. ಮುಖ ಮಾತ್ರ ಮೈಕು ಇದ್ದ ಕಡೆಗಲ್ಲ, ಇನ್ನೆತ್ತಲೋ ತಿರುಗಿತ್ತು. ಆಮೇಲೆ ಎಲ್ಲರಿಗೂ ತಿಳಿಯುವಂತೆ ತಮಿಳಿನಲ್ಲಿ ಹೇಳಿದ: ಯೋಚನೆ ತನ್ನದು, ಕೆಲಸ ತನ್ನದಲ್ಲ. ಈ ಮೋಟಾರಿಗೆ ಸುತ್ತು ಹಾಕಿದವಳು ತನ್ನ ಹೆಂಡತಿ ವೆಳ್ಳೈಯಮ್ಮಾಳ್. ಇದಕ್ಕೊಂದಕ್ಕೇ ಅಲ್ಲ. ನಾಲ್ಕು ವರ್ಷದಿಂದ ತನಗೆ ತಂತಿ ಕಾಣುವುದಿಲ್ಲ. ಇಲ್ಲಿ ನಿಂತವರ ಬಾವಿಗಳಲ್ಲಿ ಓಡುತ್ತಿರುವ ಮೋಟಾರುಗಳನ್ನು ಸುತ್ತಿದವಳೂ ಅವಳೇ.

ಜನ ಮೊದಲು ಅವನ ಕಣ್ಣು ನೋಡಿದರು, ಆಮೇಲೆ ಅವಳನ್ನು ನೋಡಿದರು. ಕಾರ್ಯದರ್ಶಿ ಮೈಕಿನಲ್ಲಿ ಅವಳ ಹೆಸರನ್ನಷ್ಟೇ ಹೇಳಿದ.

ಗುಂಪು ಚೆದುರಿದ ಮೇಲೆ ಅವಳು ಗಂಡನನ್ನು ಲಾರಿಯ ನೆರಳಿಗೆ ಕರೆದುಕೊಂಡು ಹೋದಳು.

"ಯಾಕ್ ಯೋಳ್ದ್ರಿ ಅದ್ನ?"

"ಸಾಕಾಗೋಯ್ತು ವೆಳ್ಳೆ. ಕಾಣ್ತದೆ ಕಾಣ್ತದೆ ಅಂತ ನಟ್ಸಿ ನಟ್ಸಿ ಸಾಕಾಗೋಯ್ತು."

"ನಾಳೆ ಯಾರ್ ತತ್ತಾರೆ ಮೋಟಾರ್ನ?"

"ತರ್ದೆ ಹೋದ್ರೆ ಮಲಿಕ್ಕೊ. ನೀ ಹಗಲೊತ್ತು ಮಲ್ಗಿ ಎಷ್ಟ್ ವರ್ಸ ಆಯ್ತು."

ಅವಳಿಗೆ ಸಿಟ್ಟು ಬಂದಿತ್ತು. ನಾಲ್ಕು ವರ್ಷ ಇಬ್ಬರೂ ಸೇರಿ ಮುಚ್ಚಿಟ್ಟದ್ದನ್ನು ಒಂದು ಮಾತು ಕೇಳದೆ ಬೀದಿಯಲ್ಲಿ ಬಿಚ್ಚಿಹಾಕಿದ್ದ. ಜೊತೆಗೆ, ತನ್ನ ಹೆಸರು ಮೈಕಿನಲ್ಲಿ ಕೇಳಿದಾಗ ಹಿತವೆನಿಸಿದ್ದೂ ಹೌದು. ಎರಡನ್ನೂ ಬೇರೆ ಮಾಡಿ ನೋಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಕೂಜೆಯಿಂದ ನೀರು ಕುಡಿದು, ಅವನಿಗೂ ಕೊಟ್ಟಳು.

ಎರಡನೇ ಓಟ ಕೊಯಮತ್ತೂರಿನಿಂದ ಬಂದ, ಓಟಕ್ಕೆಂದೇ ಸಿದ್ಧಮಾಡಿದ ಕಾರಿನ ಜೊತೆ. ಮೋಟಾರನ್ನು ಮುಟ್ಟಿ ನೋಡಿದ ರಾಮರ್, ಇನ್ನೂ ಆರಿಲ್ಲ, ಬೇಡ ಎಂದ. ಅಳಗರ್ ಕೇಳಲಿಲ್ಲ, ಇಷ್ಟು ಜನರ ಮುಂದೆ ಹಿಂದೆಗೆಯುವುದು ಅವನಿಗಾಗಲಿಲ್ಲ. ಓಡಿಸುವುದೋ ಬಿಡುವುದೋ ಎಂದು ಕೊನೆಗೆ ಇಬ್ಬರೂ ಅವಳ ಕಡೆ ತಿರುಗಿದರು. ಬಂದದ್ದು ಮುಗಿಸಿ ಹೋಗೋಣ ಎಂದಳು.

ಮೊದಲ ಫರ್ಲಾಂಗಿನವರೆಗೆ ಅವಳೇ ಮುಂದಿದ್ದಳು. ಆಮೇಲೆ ಆ ಕಾರು ಕೂಗುತ್ತ ಅವಳನ್ನು ದಾಟಿತು. ಅದೇ ಹೊತ್ತಿಗೆ ಮೂಗಿಗೆ ಬೆಂದ ವಾರ್ನಿಷ್ಷಿನ ವಾಸನೆ ಬಂತು. ಎಳೆದುಬಿಡಬೇಕೆಂದು ಅವಳಿಗೆ ಗೊತ್ತಿತ್ತು. ಗೆರೆ ಇನ್ನು ನೂರು ಗಜ. ಅವಳು ಎಳೆಯಲಿಲ್ಲ. ಬಾನೆಟ್ಟಿನ ಒಳಗೆ ಪಟ್ ಎಂದು ಏನೋ ಸಿಡಿಯಿತು. ಬೆಸುಗೆ ಕರಗಿ ತಾಮ್ರದ ತುಂಡುಗಳು ತಗಡಿಗೆ ಬಡಿದವು. ಕಾರು ಬಲವಿಲ್ಲದೆ, ಸದ್ದಿಲ್ಲದೆ ಉರುಳುತ್ತ ಗೆರೆ ದಾಟಿ, ಆಚೆ ಒಣಹುಲ್ಲಿನ ಪಕ್ಕ ನಿಂತಿತು. ಅವಳು ಹಿಡಿಯನ್ನು ಎಳೆದು, ಇಳಿದು, ಬಾನೆಟ್ ಎತ್ತಿದಳು. ಒಂಬತ್ತು ದಿನದ ಕೆಲಸ ಕರ್ರಗಾಗಿತ್ತು. ಅಳಗರ್ ಏದುಸಿರು ಬಿಡುತ್ತ ಓಡಿ ಬರುವಾಗ ಅವಳು ಕಾರಿಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸುಟ್ಟಿತಾ ಎಂದು ಅವನು ಕೇಳಿದ. ಸುಟ್ಟಿತು ಎಂದಳು. ಇನ್ನೊಮ್ಮೆ ಸುತ್ತುವಂತೆ ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಮರುದಿನವೇ ಬತ್ತಲಗುಂಡಿನ ಒಬ್ಬ ಬಂದು, ಸುತ್ತಲು ಕೊಟ್ಟಿದ್ದ ತನ್ನ ಮೋಟಾರನ್ನು ಹಾಗೆಯೇ ಹೊತ್ತುಕೊಂಡು ಹೋದ. ಇನ್ನಿಬ್ಬರು ಬರುವುದನ್ನೇ ನಿಲ್ಲಿಸಿದರು. ಎರಡು ವಾರ ಅಂಗಡಿಯಲ್ಲಿ ಕೆಲಸವೇ ಇರಲಿಲ್ಲ. ಆ ಎರಡು ವಾರ ಅವಳು ಮಧ್ಯಾಹ್ನ ಊಟವಾದ ಮೇಲೆ ಮಲಗಿ ಎದ್ದಳು. ಮೊದಲೆರಡು ದಿನ ನಿದ್ದೆ ಬರಲಿಲ್ಲ, ಮೂರನೆಯ ದಿನ ದೀಪ ಹಚ್ಚುವ ತನಕ ಎಚ್ಚರವಾಗಲಿಲ್ಲ. ಆಮೇಲೆ ಚಿನ್ನಮನೂರಿನಿಂದ ಒಬ್ಬ ರೈತ ಗಾಡಿಯಲ್ಲಿ ಮೋಟಾರು ತಂದ. ಯಾರನ್ನು ಮಾತಾಡಿಸಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತು, ಇಬ್ಬರನ್ನೂ ನೋಡಿ, ಕೊನೆಗೆ ಅವಳ ಕಡೆ ತಿರುಗಿ, ಮೂರು ವರ್ಷದ ಹಿಂದೆ ಸುತ್ತಿಸಿದ್ದು, ಇಲ್ಲಿಯ ತನಕ ಏನೂ ಆಗಿರಲಿಲ್ಲಮ್ಮಾ ಎಂದ. ಅವಳು ಒಳಕೋಣೆ ಬಿಟ್ಟು ಬಾಗಿಲ ಬೆಳಕಿಗೆ ಬಂದು ಕೂತಳು. ರಾಮರ್ ಮೊದಲಿನಂತೆಯೇ ಅಚ್ಚು ತಿರುಗಿಸಿ, ಮೂಸಿ, ಎಲ್ಲಿ ಸುಟ್ಟಿದೆ ಎಂದು ಹೇಳಿದ. ಮುಂದಿನ ವೈಕಾಸಿಗೆ ಗೋಡೆಯ ಪಕ್ಕ ಮತ್ತೆ ಸಾಲು ನಿಂತಿತು. ಮೊದಲಿನಷ್ಟು ಉದ್ದವಲ್ಲ. ಅಷ್ಟೇ ಸಾಕೆಂದು ಅವಳಿಗನಿಸಿತು. ಮಧುರೈಯ ಕಣ್ಣಿನ ಡಾಕ್ಟರು ರಾಮರ್‌ನನ್ನು ಪರೀಕ್ಷಿಸಿ, ಇರುವಷ್ಟನ್ನು ಕಾಪಾಡಿಕೊಳ್ಳಿ ಎಂದು ಹೇಳಿ ಕಳಿಸಿದರು.

ಅಳಗರ್ ಕಾರನ್ನು, ಬಿಚ್ಚಿಟ್ಟ ಭಾಗಗಳ ಸಮೇತ, ಬಂದ ಹಾಗೆಯೇ ಲಾರಿಯಲ್ಲಿ ಊರಿಗೆ ಒಯ್ದ. ಎರಡು ವರ್ಷದ ಮೇಲೆ ಎಲ್ಲಿಂದಲೋ ಒಂದು ಹಳೆ ಎಂಜಿನ್ನು ಸಂಪಾದಿಸಿ ಅದಕ್ಕೆ ಕೂರಿಸಿದ. ಬಾಗಿಲು, ಟಾಪು, ಸೀಟು ಎಲ್ಲ ಸುತ್ತಿಟ್ಟ ಬಟ್ಟೆಯಿಂದ ಹೊರಬಂದವು. ಕಂಬಂನಲ್ಲಿ ನೆಂಟರ ಮನೆಯ ಮದುವೆಗೆ ತಂಗಿಯನ್ನೂ ಮಾಪ್ಳೆಯನ್ನೂ ಕರೆದೊಯ್ಯಲು ದಿಂಡಿಗಲ್ಲಿಗೆ ಅದರಲ್ಲೇ ಬಂದ. ದಾರಿಯುದ್ದಕ್ಕೂ ಆ ಭಾನುವಾರದ ಮಾತಾಡಬೇಕೆಂದು ಅವನಿಗೆ ಆಸೆಯಿತ್ತು. ರಾಮರ್ ಮುಂದೆ ಕೂತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದ. ಹಿಂದಿನ ಸೀಟಿನಲ್ಲಿ ಕೂತ ವೆಳ್ಳೈಯಮ್ಮಾಳ್ ಊರು ದಾಟುವ ಮೊದಲೇ ನಿದ್ದೆ ಹೋದಳು. ತೇನಿಯಲ್ಲಿ ರೇಡಿಯೇಟರಿಗೆ ನೀರು ಹಾಕಲು ಕಾರು ನಿಂತಾಗ ಕಣ್ಣು ಬಿಟ್ಟು, ಕಂಬಂ ಬಂತಾ ಎಂದು ಕೇಳಿದಳು. ಇಲ್ಲ, ಇನ್ನೂ ದೂರ ಇದೆ ಎಂದ ಅಳಗರ್. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮತ್ತೆ ಮಲಗಿದಳು.